ಮನೆಯ ಕರಾವಿನ ಹಸು ಮತ್ತು ಎಳಗರುವಿನ ಪಾಲನೆ: ಶಂಕಗಿರಿ ಸೀಮೆ

ಮನೆಮಂದಿಯ ಹಾಲು, ಮೊಸರು, ತುಪ್ಪಕ್ಕಾಗಿ ಒಂದೆರಡು ಹಸುಗಳನ್ನು ಮನೆಯವರೇ ಸಾಕಿ, ಮಿಕ್ಕ ಹಾಲನ್ನು ಡೈರಿಗೆ ಹಾಕುವ ಪದ್ಧತಿ ತಮಿಳುನಾಡಿನ ಸೇಲಂ, ಧರ್ಮಪುರಿ ಜಿಲ್ಲೆಗಳಲ್ಲಿ ವ್ಯಾಪಕವಾಗಿದೆ. ಸೇಲಂ ಜಿಲ್ಲೆಯ ಶಂಕಗಿರಿ ತಾಲ್ಲೂಕಿನಿಂದ ಮೆಟ್ಟೂರು, ಪೆನ್ನಾಗರ, ಧರ್ಮಪುರಿಯವರೆಗೆ ಹಬ್ಬಿದ ಒಣಭೂಮಿಯಲ್ಲಿ ಮಳೆ ಕೈಕೊಟ್ಟ ವರ್ಷ ಸಂಸಾರವನ್ನು ನಡೆಸುವುದು ಹೆಚ್ಚಾಗಿ ಕೊಟ್ಟಿಗೆಯೇ. 1792ರ ಶ್ರೀರಂಗಪಟ್ಟಣದ ಒಪ್ಪಂದದವರೆಗೆ ಮೈಸೂರಿನ ಆಳ್ವಿಕೆಯಲ್ಲಿದ್ದ ಈ ಸೀಮೆಯಲ್ಲಿ ತಮಿಳು, ತೆಲುಗಿನೊಂದಿಗೆ ಕನ್ನಡ ಮನೆಮಾತಾಗಿರುವ ಕುಟುಂಬಗಳೂ ಇವೆ. ದನ ಸಾಕುವ ರೀತಿನೀತಿ ಮಾತ್ರ ಎಲ್ಲರಲ್ಲಿಯೂ ಬಹುಮಟ್ಟಿಗೆ ಒಂದೇ. ಆ ರೀತಿಯಲ್ಲಿ ಹಸುವಿಗೆ ಸಲ್ಲುವ ಗಮನ ಕರುವಿಗೆ ಸಲ್ಲುವುದಿಲ್ಲ. ಹಾಲು ಕೊಡುವುದು ತಾಯಿ, ಹಾಲು ಕುಡಿಯುವುದು ಕರು, ಆದ್ದರಿಂದ ಒಂದು ಆದಾಯ, ಇನ್ನೊಂದು ಖರ್ಚು ಎಂಬ ಎಣಿಕೆ ಇದಕ್ಕೆ ಕಾರಣ. ಪ್ರಾಣಿಯ ಶರೀರಧರ್ಮವನ್ನೂ ಮನೆಯ ಲೆಕ್ಕವನ್ನೂ ಒಟ್ಟಿಗೆ ನೋಡಿದರೆ ಈ ಎಣಿಕೆ ನಿಲ್ಲುವುದಿಲ್ಲ. ಕರುವಿನ ಪಾಲನ್ನು ಮೊದಲು ಎತ್ತಿಟ್ಟ ಮನೆಗೇ ಕೊನೆಗೆ ಹೆಚ್ಚು ಹಾಲು ಉಳಿಯುತ್ತದೆ ಎಂಬುದು ಈ ಲೇಖನದ ನಿಲುವು.

ಸೀಮೆ ಮತ್ತು ತಳಿ: ಇಲ್ಲಿಯ ಹಳೆಯ ದನಗಳು ಹಾಲಿಗಾಗಿ ಬೆಳೆಸಿದವಲ್ಲ. ಹೊಗೆನಕಲ್ ಬಳಿಯ ಕಾವೇರಿ ದಂಡೆಯ ಊರೊಂದರ ಹೆಸರು ಹೊತ್ತ ಆಲಂಬಾಡಿ, ಅಂದಿಯೂರು ತಾಲ್ಲೂಕಿನ ಬರಗೂರು ಬೆಟ್ಟಗಳಲ್ಲಿ ಕನ್ನಡ ಮಾತಾಡುವ ಲಿಂಗಾಯತರು ಕಾಡಿನ ಹಟ್ಟಿಗಳಲ್ಲಿ ಸಾಕಿಕೊಂಡು ಬಂದ ಕಂದು-ಬಿಳಿ ಮಚ್ಚೆಯ ಬರಗೂರು, ದಕ್ಷಿಣದ ಕಾಂಗೇಯಂ, ಇವೆಲ್ಲ ಉಳುಮೆಗೂ ಬಂಡಿಗೂ ಹೆಸರಾದ ತಳಿಗಳು. ಕಾಂಗೇಯಂ ಹಸು ಒಂದು ಸೂಲಿಗೆ ಸರಾಸರಿ 540 ಕಿಲೋಗ್ರಾಂ, ಬರಗೂರು ಹಸು ಸುಮಾರು 350 ಕಿಲೋಗ್ರಾಂ ಹಾಲು ಕೊಡುತ್ತವೆ. ಟ್ರ್ಯಾಕ್ಟರ್ ಬಂದು ಎತ್ತಿನ ಕೆಲಸ ಕಡಿಮೆಯಾದ ಮೇಲೆ, ಹಳ್ಳಿಹಳ್ಳಿಗೂ ಕೃತಕ ಗರ್ಭಧಾರಣೆ ತಲುಪಿದ ಮೇಲೆ ಜೆರ್ಸಿ ಮತ್ತು ಹೋಲ್‌ಸ್ಟೀನ್ ಮಿಶ್ರತಳಿಗಳು ಬಯಲುಸೀಮೆಯ ಕೊಟ್ಟಿಗೆಗಳನ್ನು ತುಂಬಿದವು. ಸಾಮಾನ್ಯ ಮೇವಿನಲ್ಲಿ ದಿನಕ್ಕೆ ಏಳೆಂಟು ಲೀಟರ್ ಕರೆಯುವ ಈ ಹಸುಗಳಿಗೆ ನಾಟಿ ದನಗಳ ಬಿಸಿಲು ತಾಳಿಕೆಯಾಗಲಿ, ಉಣ್ಣೆಯಿಂದ ಹರಡುವ ರೋಗಗಳನ್ನು ಎದುರಿಸುವ ಕಸುವಾಗಲಿ ಇಲ್ಲ. ನಾಟಿ ಕರು ತಾನಾಗಿ ಎದ್ದು ಕುಡಿದು ಬದುಕಿಕೊಳ್ಳುತ್ತದೆ ಎಂಬ ಅನುಭವವನ್ನೇ ಮಿಶ್ರತಳಿಯ ಕರುವಿಗೂ ಅನ್ವಯಿಸಿದಲ್ಲಿ ಎಳಗರುಗಳ ಸಾವು ಹೆಚ್ಚುತ್ತದೆ. ತಳಿ ಬದಲಾದಂತೆ ಪಾಲನೆಯೂ ಬದಲಾಗಬೇಕಿತ್ತು. ಹಲವು ಮನೆಗಳಲ್ಲಿ ಬದಲಾದದ್ದು ತಳಿ ಮಾತ್ರ.

ಗಬ್ಬದ ಕೊನೆಯ ಎರಡು ತಿಂಗಳು: ಹಸುವಿನ ಗರ್ಭಾವಧಿ ಸುಮಾರು 280 ದಿನ, ನಾಟಿ ತಳಿಗಳಲ್ಲಿ ಕೆಲವು ದಿನ ಹೆಚ್ಚು. ಹುಟ್ಟುವಾಗ ಕರುವಿಗೆ ಇರುವ ತೂಕದ ಬಹುಪಾಲು ಕೂಡಿಕೊಳ್ಳುವುದು ಕೊನೆಯ ಮೂರು ತಿಂಗಳಲ್ಲಿ. ಆದ್ದರಿಂದ ಈಯುವುದಕ್ಕೆ 60 ದಿನ ಮೊದಲೇ ಹಾಲು ಬತ್ತಿಸಬೇಕು ಎಂಬುದು ಪಶುವೈದ್ಯರೆಲ್ಲರ ಸಲಹೆ. ಇದಕ್ಕೆ ಬರುವ ಆಕ್ಷೇಪ ಸಹಜವಾದದ್ದೇ: ದಿನಕ್ಕೆ ಎರಡು ಲೀಟರ್ ಇನ್ನೂ ಕೊಡುತ್ತಿರುವ ಹಸುವನ್ನು ಬತ್ತಿಸಿದರೆ ಎರಡು ತಿಂಗಳಿಗೆ ನೂರಿಪ್ಪತ್ತು ಲೀಟರ್ ಹೋಯಿತಲ್ಲ ಎಂದು. ಆದರೆ ಕೆಚ್ಚಲಿನಲ್ಲಿ ಹಾಲು ಕಟ್ಟುವ ಜೀವಕೋಶಗಳು ಈ ಬಿಡುವಿನಲ್ಲಿಯೇ ಹೊಸದಾಗಿ ಬೆಳೆಯುತ್ತವೆ. ಬಿಡುವಿಲ್ಲದೆ ಕರೆದ ಹಸು ಮುಂದಿನ ಸೂಲಿನಲ್ಲಿ ಅದಕ್ಕಿಂತ ಹೆಚ್ಚು ಹಾಲನ್ನು ಕಡಿಮೆ ಮಾಡಿ ತೋರಿಸುತ್ತದೆ. ಅದರ ಗಿಣ್ಣು ಹಾಲೂ ತೆಳುವಾಗಿರುತ್ತದೆ. ಬತ್ತಿಸಿದ ಹಸುವಿಗೆ ತಿಂಡಿ ನಿಲ್ಲಿಸುವುದು ಇನ್ನೊಂದು ರೂಢಿ. ಹಾಲಿಲ್ಲದ ದಿನಗಳಲ್ಲಿ ಹಿಂಡಿ ಏಕೆ ಎಂಬ ಉಳಿತಾಯವಿದು. ಕೊನೆಯ ತಿಂಗಳು ದಿನಕ್ಕೆ ಒಂದರಿಂದ ಎರಡು ಕಿಲೋ ತಿಂಡಿ ಕೊಟ್ಟರೆ ಕರುವಿನ ತೂಕವೂ, ಈದ ಮೇಲಿನ ತಾಯಿಯ ಚೇತರಿಕೆಯೂ ಸುಧಾರಿಸುತ್ತವೆ. ಹಸು ಅತಿಯಾಗಿ ಕೊಬ್ಬದಂತೆಯೂ ನೋಡಿಕೊಳ್ಳಬೇಕು. ಕೊಬ್ಬಿದ ಹಸುವಿಗೆ ಹೆರಿಗೆ ಕಷ್ಟ, ಹೆರಿಗೆಯಾದ ಮೇಲೆ ಮೇವು ಬಿಡುವುದು ಬೇಗ.

ಈಯುವ ಹೊತ್ತು: ಬಾಲದ ಬುಡದ ಎರಡೂ ಬದಿಯ ಸ್ನಾಯು ಇಳಿದು ಹಳ್ಳವಾಗುವುದು, ಕೆಚ್ಚಲು ಬಿಗಿದು ತೊಟ್ಟುಗಳು ಹೊಳೆಯುವುದು, ಹಸು ಮಂದೆಯಿಂದ ದೂರ ಸರಿದು ಎದ್ದು ಕೂತು ಮಾಡುವುದು ಹತ್ತಿರದ ಸೂಚನೆಗಳು. ಆಗ ಅದನ್ನು ಗೊಂತಿನಿಂದ ಬಿಚ್ಚಿ, ಒಣ ಹುಲ್ಲು ಹಾಸಿದ ಜಾಗದಲ್ಲಿ ಬಿಡಬೇಕು. ನೀರುಚೀಲ ಒಡೆದ ಮೇಲೆ ಎರಡು ಮುಂಗಾಲಿನ ಗೊರಸು, ಅವುಗಳ ಮೇಲೆ ಮೂತಿ ಕಂಡರೆ ಕರು ಸರಿಯಾಗಿ ಬರುತ್ತಿದೆ ಎಂದರ್ಥ. ಒಂದೇ ಕಾಲು, ಬರಿಯ ಬಾಲ, ಅಥವಾ ಕಾಲಿದ್ದು ಮೂತಿ ಕಾಣದಿರುವುದು ಕಂಡರೆ, ಇಲ್ಲವೇ ಎರಡು ಗಂಟೆ ತಿಣುಕಿದರೂ ಮುಂದುವರಿಯದಿದ್ದರೆ, ಎಳೆಯದೆ ವೈದ್ಯರನ್ನು ಕರೆಸಬೇಕು. ನಾಲ್ಕು ಜನ ಹಗ್ಗ ಹಾಕಿ ಎಳೆದ ಹೆರಿಗೆಯಲ್ಲಿ ಕರು ಉಳಿದರೂ ತಾಯಿಯ ಗರ್ಭಕೋಶಕ್ಕೆ ಆದ ಗಾಯ ಮುಂದಿನ ಗಬ್ಬವನ್ನು ತಡೆಯುವುದುಂಟು. ಕರು ಬಿದ್ದೊಡನೆ ಮೂಗು ಬಾಯಿಯ ಲೋಳೆ ಒರೆಸಿ, ಉಸಿರು ತಡವಾದರೆ ಹುಲ್ಲುಕಡ್ಡಿಯಿಂದ ಮೂಗಿನೊಳಗೆ ಕೆಣಕಿ ಸೀನಿಸಬೇಕು. ತಾಯಿ ನೆಕ್ಕಲು ಬಿಡುವುದೇ ಒಳ್ಳೆಯದು. ಆ ನೆಕ್ಕುವಿಕೆಯಿಂದ ಕರುವಿನ ರಕ್ತಸಂಚಾರ ಚುರುಕಾಗುತ್ತದೆ, ತಾಯಿಗೆ ಕರುವಿನ ಗುರುತು ಸಿಗುತ್ತದೆ. ಹೊಕ್ಕುಳ ಬಳ್ಳಿಯನ್ನು ಹೊಟ್ಟೆಯಿಂದ ಎರಡು ಮೂರು ಬೆರಳಷ್ಟು ಬಿಟ್ಟು ಶುದ್ಧ ದಾರದಿಂದ ಕಟ್ಟಿ, ಕೆಳಗೆ ಕತ್ತರಿಸಿ, ತುದಿಯನ್ನು ಸಣ್ಣ ಬಟ್ಟಲಿನ ಟಿಂಚರ್ ಅಯೋಡಿನ್‌ನಲ್ಲಿ ಪೂರ್ತಿ ಅದ್ದಬೇಕು. ಸಗಣಿ, ಬೂದಿ, ಅರಿಶಿನ ಮೆತ್ತುವುದು ಇದಕ್ಕೆ ಬದಲಾಗುವುದಿಲ್ಲ. ಹಸಿ ಹೊಕ್ಕುಳು ರಕ್ತಕ್ಕೆ ತೆರೆದ ಬಾಗಿಲು. ವಾರದ ಮೇಲೆ ಕರುವಿನ ಮಂಡಿ ಊದಿಕೊಂಡು ಕುಂಟುವುದಕ್ಕೆ ಕಾರಣ ಬಹಳ ಸಲ ಈ ಬಾಗಿಲೇ.

ಗಿಣ್ಣು ಹಾಲು: ಮನುಷ್ಯರ ಮಗು ರೋಗನಿರೋಧಕಗಳನ್ನು ತಾಯಿಯ ಗರ್ಭದಲ್ಲಿರುವಾಗಲೇ ಪಡೆದು ಹುಟ್ಟುತ್ತದೆ. ದನದ ಮಾಸಿನ ಪದರಗಳು ಅವುಗಳನ್ನು ದಾಟಲು ಬಿಡುವುದಿಲ್ಲವಾದ್ದರಿಂದ ಕರು ಬರಿಗೈಯಲ್ಲಿ ಹುಟ್ಟುತ್ತದೆ. ಅದಕ್ಕೆ ಬೇಕಾದ ರಕ್ಷಣೆಯೆಲ್ಲ ಗಿಣ್ಣು ಹಾಲಿನಲ್ಲಿದೆ. ಒಳ್ಳೆಯ ಗಿಣ್ಣಿನ ಒಂದು ಲೀಟರಿನಲ್ಲಿ 50 ಗ್ರಾಮಿಗೂ ಹೆಚ್ಚು ಪ್ರತಿಕಾಯಗಳಿರುತ್ತವೆ. ಈ ದೊಡ್ಡ ಅಣುಗಳನ್ನು ಒಡೆಯದೆ ಹಾಗೆಯೇ ಹೀರುವ ಶಕ್ತಿ ಕರುವಿನ ಕರುಳಿಗೆ ಹುಟ್ಟಿದ ಮೊದಲ ಕೆಲವು ಗಂಟೆ ಚೆನ್ನಾಗಿದ್ದು, ಆಮೇಲೆ ಇಳಿಯುತ್ತ 24 ಗಂಟೆಯ ಹೊತ್ತಿಗೆ ಮುಚ್ಚಿಹೋಗುತ್ತದೆ. ಮೊದಲ ಎರಡು ಗಂಟೆಯೊಳಗೆ ಒಂದು ಸಲ, ಆರೇಳು ಗಂಟೆಯೊಳಗೆ ಇನ್ನೊಂದು ಸಲ, ಮೊದಲ ದಿನ ಒಟ್ಟು ತೂಕದ ಹತ್ತರಲ್ಲೊಂದು ಪಾಲು ಎಂಬ ನಿಯಮ ಹುಟ್ಟಿದ್ದು ಇದರಿಂದ. 25 ಕಿಲೋ ತೂಗುವ ಮಿಶ್ರತಳಿ ಕರುವಿಗೆ ಇದು ಎರಡೂವರೆ ಲೀಟರ್. ಈ ಸೀಮೆಯಲ್ಲಿಯೂ ಕರ್ನಾಟಕದ ಹಲವೆಡೆಯೂ ಮಾಸು ಬೀಳುವ ತನಕ ಕರುವಿಗೆ ಮೊಲೆ ಕೊಡಬಾರದು ಎಂಬ ನಂಬಿಕೆಯಿದೆ. ಮಾಸು ಬೀಳಲು ಎಂಟು ಹನ್ನೆರಡು ಗಂಟೆ ಹಿಡಿಯುವುದು ಸಹಜ. ಅಷ್ಟು ಹೊತ್ತು ಕಾದ ಕರು ತನ್ನ ಆಯುಷ್ಯದ ಅತ್ಯುತ್ತಮ ಅವಕಾಶವನ್ನು ಕಳೆದುಕೊಂಡಿರುತ್ತದೆ. ನಂಬಿಕೆಯ ಕಾರ್ಯಕಾರಣವೂ ತಿರುಗುಮುರುಗಾಗಿದೆ. ಕರು ಮೊಲೆ ಚೀಪಿದಾಗ ತಾಯಿಯ ಮೆದುಳಿನಿಂದ ಹೊರಡುವ ಆಕ್ಸಿಟೋಸಿನ್ ಹಾಲನ್ನು ಇಳಿಸುವುದರ ಜೊತೆಗೆ ಗರ್ಭಕೋಶವನ್ನೂ ಕುಗ್ಗಿಸುತ್ತದೆ, ಹಾಗಾಗಿ ಕರು ಕುಡಿದಷ್ಟೂ ಮಾಸು ಬೀಳಲು ಅನುಕೂಲವೇ. ಮನೆಯಲ್ಲಿ ಗಿಣ್ಣು ಮಾಡಿ ಉಣ್ಣಬಾರದು, ನೆರೆಮನೆಗೆ ಹಂಚಬಾರದು ಎಂದು ಇದರ ಅರ್ಥವಲ್ಲ. ಮಿಶ್ರತಳಿಯ ಹಸುವಿನಲ್ಲಿ ಕರುವಿನ ಅಗತ್ಯಕ್ಕಿಂತ ಹೆಚ್ಚು ಗಿಣ್ಣು ಇರುತ್ತದೆ. ಕರುವಿನ ಎರಡು ಹೊತ್ತಿನ ಪಾಲು ಮುಗಿದ ಮೇಲೆ ಉಳಿದದ್ದು ಮನೆಯದು.

ತಾಯಿಯ ಮೊದಲ ವಾರ: ಒಂದು ಲೀಟರ್ ಗಿಣ್ಣಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇದೆ, ಹಸುವಿನ ರಕ್ತದಲ್ಲಿ ಒಂದು ಹೊತ್ತಿಗೆ ಇರುವುದು ಕೆಲವೇ ಗ್ರಾಂ. ಎಲುಬಿನಿಂದ ಅದು ಬೇಗ ಇಳಿದು ಬರದಿದ್ದರೆ ಈದ ಮೂರು ದಿನದೊಳಗೆ ಹಾಲು ಜ್ವರ ಬರುತ್ತದೆ. ಹೆಸರಿನಲ್ಲಿ ಜ್ವರವಿದ್ದರೂ ಮೈ ಮತ್ತು ಕಿವಿ ತಣ್ಣಗಿರುತ್ತವೆ. ಹಸು ಏಳಲಾರದೆ ಮಲಗಿ ಕುತ್ತಿಗೆಯನ್ನು ಪಕ್ಕೆಗೆ ತಿರುಗಿಸಿಕೊಳ್ಳುತ್ತದೆ. ವೈದ್ಯರು ರಕ್ತನಾಳಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಬೋರೋಗ್ಲೂಕೋನೇಟ್ ಕೊಟ್ಟರೆ ಅದೇ ದಿನ ಎದ್ದು ನಿಲ್ಲುವ ಕಾಯಿಲೆಯಿದು. ನಾಳೆ ನೋಡೋಣ ಎಂದರೆ ಕೊಲ್ಲುವ ಕಾಯಿಲೆಯೂ ಹೌದು. ಮೂರು ನಾಲ್ಕನೆಯ ಸೂಲಿನ, ಹೆಚ್ಚು ಹಾಲಿನ ಹಸುಗಳಲ್ಲಿ ಮೊದಲ ಎರಡು ದಿನ ಕೆಚ್ಚಲನ್ನು ಪೂರ್ತಿ ಬರಿದು ಮಾಡದಿರುವುದು ಇದಕ್ಕಾಗಿಯೇ ಬೆಳೆದುಬಂದ ಎಚ್ಚರಿಕೆ. ಮಾಸು 12 ಗಂಟೆ ಮೀರಿ ಉಳಿದರೆ ಕಲ್ಲು ಕಟ್ಟಿ ಜಗ್ಗಿಸುವುದು, ಕೈಹಾಕಿ ಕೀಳುವುದು ಬೇಡ. ತುಂಡು ಒಳಗೆ ಕೊಳೆತರೆ ಹಸು ಮತ್ತೆ ಗಬ್ಬ ಕಟ್ಟುವುದೇ ಸಂಶಯ. ಬಿದ್ದ ಮಾಸನ್ನು ಹಾಲುಬರುವ ಮರಕ್ಕೆ ಕಟ್ಟುವ ಪದ್ಧತಿಗಿಂತ ಸುಣ್ಣ ಹಾಕಿ ಆಳವಾಗಿ ಹೂಳುವುದು ಮೇಲು. ನಾಯಿ ಎಳೆದಾಡಿದ ಮಾಸಿನಿಂದ, ಗರ್ಭಪಾತ ಮಾಡಿಸುವ ಕಂದು ರೋಗ ಊರೆಲ್ಲ ಹರಡಬಲ್ಲದು, ಮನುಷ್ಯರಿಗೂ ತಗಲಬಲ್ಲದು.

ಹಾಲಿನ ಪಾಲು: ಡೈರಿಗೆ ಹಾಕುವ ಮನೆಯಲ್ಲಿ ಏಳುವ ಮುಖ್ಯ ಆಕ್ಷೇಪ ಇಲ್ಲಿದೆ. ಕರುವಿಗೆ ಬಿಟ್ಟ ಹಾಲು ಮಾರದ ಹಾಲು. ಲೆಕ್ಕವನ್ನು ಬಿಡಿಸಿ ನೋಡೋಣ. ದಿನಕ್ಕೆ ಎರಡೂವರೆ ಲೀಟರಿನಂತೆ ಮೂರು ತಿಂಗಳಿಗೆ ಕರು ಕುಡಿಯುವುದು ಸುಮಾರು 225 ಲೀಟರ್. ದಿನಕ್ಕೆ ಸರಾಸರಿ ಏಳು ಲೀಟರಿನಂತೆ 300 ದಿನ ಕರೆದ ಹಸುವಿನ ಹಾಲು 2,100 ಲೀಟರ್. ಅಂದರೆ ಕರುವಿನ ಪಾಲು ಸರಿಸುಮಾರು ಹತ್ತರಲ್ಲೊಂದು. ಇಷ್ಟನ್ನು ಪಡೆದು ದಿನಕ್ಕೆ 400 ಗ್ರಾಮಿನಂತೆ ಬೆಳೆದ ಮಿಶ್ರತಳಿ ಕಡಸು ಎರಡೂವರೆ ವರ್ಷದ ಆಸುಪಾಸಿನಲ್ಲಿ ಈಯಬಲ್ಲದು. ಅರೆಹೊಟ್ಟೆಯಲ್ಲಿ ಬೆಳೆದದ್ದು ನಾಲ್ಕು ವರ್ಷಕ್ಕೆ ಹೋಗುತ್ತದೆ. ಒಂದು ವರ್ಷಕ್ಕೂ ಮೀರಿದ ಬರಿಮೇವು, ಒಂದು ಸೂಲಿನ ಹಾಲು, ಇವು 225 ಲೀಟರ್ ಉಳಿಸಿದ ಮನೆ ತೆರುವ ಬೆಲೆ. ಎರಡನೆಯ ಆಕ್ಷೇಪ ಸೂಕ್ಷ್ಮವಾದದ್ದು. ಸಹಕಾರ ಡೈರಿ ಕೊಬ್ಬು ಮತ್ತು ಕೊಬ್ಬೇತರ ಘನಾಂಶ ನೋಡಿ ದರ ಕಟ್ಟುತ್ತದೆ. ಕೊನೆಯಲ್ಲಿ ಇಳಿಯುವ ಹಾಲಿನಲ್ಲಿ ಕೊಬ್ಬು ಮೊದಲಿನ ಹಾಲಿಗಿಂತ ಎಷ್ಟೋ ಹೆಚ್ಚು. ಕರೆದ ಮೇಲೆ ಕರು ಬಿಟ್ಟರೆ ಆ ಕೊಬ್ಬು ಅದರ ಹೊಟ್ಟೆ ಸೇರುತ್ತದೆ. ಇದು ನಿಜ. ಇದಕ್ಕೆ ಪರಿಹಾರ ಕರುವನ್ನು ತಪ್ಪಿಸುವುದಲ್ಲ. ಸೊರೆ ಬಿಡುವಷ್ಟು ಹೊತ್ತು ಮೊದಲು ಕುಡಿಸಿ, ಮೂರು ತೊಟ್ಟುಗಳನ್ನು ಪೂರ್ತಿ ಕರೆದು, ಒಂದು ತೊಟ್ಟನ್ನು ಸರದಿಯ ಮೇಲೆ ಕರುವಿಗೆ ಬಿಡುವುದು ಎರಡನ್ನೂ ಸರಿದೂಗಿಸುತ್ತದೆ. ಕರು ಕುಡಿದ ಕೆಚ್ಚಲಿನಲ್ಲಿ ಉಳಿಕೆ ಹಾಲು ನಿಲ್ಲುವುದಿಲ್ಲವಾದ್ದರಿಂದ ಕೆಚ್ಚಲು ಬಾವೂ ಕಡಿಮೆ ಎಂದು ಉಷ್ಣವಲಯದ ಹಲವು ದೇಶಗಳ ಪ್ರಯೋಗಗಳು ತೋರಿಸಿವೆ. ಸತತವಾಗಿ ಮೊಲೆಯುಣಿಸುವ ಹಸು ಬೆದೆಗೆ ಬರುವುದು ತಡವಾಗುತ್ತದೆ ಎಂಬ ಮಾತೂ ಸತ್ಯ. ಎರಡು ಹೊತ್ತು ಮಾತ್ರ ಬಿಟ್ಟು, ಮಿಕ್ಕ ವೇಳೆ ಕರುವನ್ನು ಬೇರೆ ಕಟ್ಟಿದರೆ ಆ ತೊಂದರೆ ಬಹುಮಟ್ಟಿಗೆ ತಗ್ಗುತ್ತದೆ.

ದೊಡ್ಡ ಫಾರ್ಮುಗಳಂತೆ ಹುಟ್ಟಿದ ದಿನವೇ ಕರುವನ್ನು ಅಗಲಿಸಿ ಬಕೆಟ್ಟಿನಲ್ಲಿ ಕುಡಿಸಬಾರದೇಕೆ ಎಂದು ಕೇಳಬಹುದು. ಅಳತೆ ತಪ್ಪುವುದಿಲ್ಲ, ಕರು ಸತ್ತರೂ ಹಸು ಹಾಲು ನಿಲ್ಲಿಸುವುದಿಲ್ಲ ಎಂಬ ಎರಡು ಲಾಭ ಅದರಲ್ಲಿವೆ. ಕೆಚ್ಚಲು ಬಾವು ಅಥವಾ ಕ್ಷಯ ಇರುವ ತಾಯಿಯಿಂದ ಅಗಲಿಸುವುದು ಅನಿವಾರ್ಯವೂ ಹೌದು. ಆದರೆ ಹೊತ್ತು ಹೊತ್ತಿಗೆ ಬಿಸಿನೀರಿನಲ್ಲಿ ತೊಳೆದ ಬಕೆಟ್ಟು, ಮೈಬಿಸಿಯ ಹಾಲು, ಬೆರಳು ಚೀಪಿಸಿ ಕಲಿಸುವ ತಾಳ್ಮೆ ಇಲ್ಲದಲ್ಲಿ ಆ ಪದ್ಧತಿಯೇ ಭೇದಿಗೆ ದಾರಿ. ನಾಟಿ ಹಸುವೂ, ನಾಟಿ ರಕ್ತ ಹೆಚ್ಚಿರುವ ಮಿಶ್ರತಳಿಯೂ ಕರು ಮುಟ್ಟದೆ ಸೊರೆ ಬಿಡುವುದಿಲ್ಲ. ಕರು ಸತ್ತ ಮನೆಗಳಲ್ಲಿ ಚರ್ಮಕ್ಕೆ ಹುಲ್ಲು ತುಂಬಿ ಹಸುವಿನ ಮುಂದೆ ಇಡುತ್ತಿದ್ದದ್ದು, ಈಚೆಗೆ ಆಕ್ಸಿಟೋಸಿನ್ ಚುಚ್ಚುವುದು ಇದರ ಅಡ್ಡದಾರಿಗಳು. ಹಾಲು ಹೆಚ್ಚಿಸಲೆಂದು ಹಸುವಿನ ಆರೋಗ್ಯ ಕೆಡಿಸುವ ಇಂಥ ಚುಚ್ಚುಮದ್ದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 12ನೆಯ ಸೆಕ್ಷನ್ನಿನಡಿ ಅಪರಾಧ. ಬದುಕಿರುವ ಕರು ಮಾಡುವ ಕೆಲಸಕ್ಕೆ ಹಣ ತೆತ್ತು ಔಷಧಿ ತರಬೇಕಾದರೆ, ಕರುವಿನ ಹಾಲು ಉಳಿತಾಯ ಎಂಬ ಮಾತು ಅಲ್ಲಿಗೇ ಬಿದ್ದುಹೋಗುತ್ತದೆ.

ಮೇವು ಮತ್ತು ನೀರು: ಕರೆಯುವ ಮಿಶ್ರತಳಿ ಹಸುವಿಗೆ ದಿನಕ್ಕೆ 15ರಿಂದ 20 ಕಿಲೋ ಹಸಿಮೇವು, ಐದಾರು ಕಿಲೋ ಒಣಮೇವು, ಮೈ ಪೋಷಣೆಗೆ ಒಂದೂವರೆ ಕಿಲೋ ತಿಂಡಿ, ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ ತಿಂಡಿ, 50 ಗ್ರಾಂ ಖನಿಜ ಮಿಶ್ರಣ ಎಂಬುದು ಸ್ಥೂಲ ಅಳತೆ. ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯದ ನೇಪಿಯರ್ ಮಿಶ್ರತಳಿ ಹುಲ್ಲು, ಒಣ ಜೋಳದ ದಂಟು, ರಾಗಿ ಹುಲ್ಲು, ಕಡಲೆಕಾಯಿ ಬಳ್ಳಿ ಇಲ್ಲಿಯ ಮುಖ್ಯ ಮೇವುಗಳು. ಸೇಲಂ ಮರಗೆಣಸಿನ ನಾಡು. ಸಬ್ಬಕ್ಕಿ ಮತ್ತು ಗಂಜಿಹಿಟ್ಟಿನ ಕಾರ್ಖಾನೆಗಳ ಸರಕಿನ ಮಾರಾಟಕ್ಕೆಂದೇ ಸೇಲಂನಲ್ಲಿ 1981ರಲ್ಲಿ ಸಾಗೋಸರ್ವ್ ಸಹಕಾರ ಸಂಘ ಹುಟ್ಟಿತು. ಹಿಟ್ಟು ತೆಗೆದು ಉಳಿದ ತಿಪ್ಪಿ ಅಗ್ಗದ ದನದ ತಿಂಡಿ. ಅದರಲ್ಲಿ ಪಿಷ್ಟವಿದೆ, ಸಸಾರಜನಕ ತೀರ ಕಡಿಮೆ. ಕಡಲೆಕಾಯಿ ಹಿಂಡಿ ಅಥವಾ ಹತ್ತಿಬೀಜದೊಂದಿಗೆ ಬೆರೆಸದೆ ಬರಿಯ ತಿಪ್ಪಿ ತಿನ್ನಿಸಿದ ಹಸುವಿನ ಹಾಲು ಏರುವುದಿಲ್ಲ. ಮರಗೆಣಸಿನ ಹಸಿ ಎಲೆ ಮತ್ತು ಸಿಪ್ಪೆಯಲ್ಲಿ ಸಯನೈಡ್ ಹುಟ್ಟುತ್ತದೆ, ಮಳೆ ತಪ್ಪಿ ಬಾಡಿದ ಎಳೆ ಜೋಳದಲ್ಲಿಯೂ ಹಾಗೆಯೇ. ಹಗ್ಗ ಕಿತ್ತುಕೊಂಡು ಹೋಗಿ ಮೇಯ್ದ ಹಸು ಏದುಸಿರು ಬಿಟ್ಟು ನಡುಗಿ ಬಿದ್ದು, ಗಂಟೆಯೊಳಗೆ ಸಾಯಬಹುದು. ಸಿಪ್ಪೆಯನ್ನೂ ಎಲೆಯನ್ನೂ ಕೊಚ್ಚಿ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದರೆ ವಿಷದ ಬಹುಪಾಲು ಹಾರಿಹೋಗುತ್ತದೆ. ನೀರಿನ ವಿಷಯದಲ್ಲಿಯೂ ಎಚ್ಚರ ಬೇಕು. ಧರ್ಮಪುರಿ, ಕೃಷ್ಣಗಿರಿ ಭಾಗದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಜನರಿಗಾಗಿ 2013ರಲ್ಲಿ ಹೊಗೆನಕಲ್ ಕುಡಿಯುವ ನೀರಿನ ಯೋಜನೆ ಬಂತು. ಕೊಳವೆಬಾವಿಯ ನೀರನ್ನೇ ವರ್ಷಗಟ್ಟಲೆ ಕುಡಿಯುವ ದನಗಳಿಗೂ ಹಲ್ಲು ಕಂದಾಗಿ ಸವೆಯುತ್ತದೆ, ಕೀಲು ಬಿಗಿಯುತ್ತದೆ. ಮಳೆನೀರು, ಕೆರೆನೀರು ಸಿಗುವ ಕಾಲದಲ್ಲಿ ಅದನ್ನೇ ಕುಡಿಸುವುದು ಲೇಸು.

ಕರುವಿನ ಮೂರು ತಿಂಗಳು: ಹುಟ್ಟಿದ ಕರುವಿನ ಮೆಲುಕುಚೀಲ ನಿಷ್ಕ್ರಿಯ. ಹಾಲು ಅದನ್ನು ಬಳಸಿ ನೇರ ನಾಲ್ಕನೆಯ ಚೀಲಕ್ಕೆ ಹೋಗುತ್ತದೆ. ಎರಡನೆಯ ವಾರದಿಂದ ಹಿಡಿಯಷ್ಟು ಕರುತಿಂಡಿ, ಎಳೆ ಹುಲ್ಲು, ಶುದ್ಧ ನೀರು ಮುಂದಿಟ್ಟರೆ, ಧಾನ್ಯ ಹುಳಿತು ಬರುವ ಆಮ್ಲಗಳು ಮೆಲುಕುಚೀಲದ ಒಳಪದರವನ್ನು ಬೆಳೆಸುತ್ತವೆ. ಮೂರು ತಿಂಗಳಿಗೆ ಹಾಲು ಬಿಡಿಸಲು ಆಗ ಮಾತ್ರ ಸಾಧ್ಯ. ಹಾಲಿನ ಮೂಲಕವೇ ತಾಯಿಯಿಂದ ಬರುವ ದುಂಡುಹುಳುಗಳಿಗಾಗಿ ಹತ್ತನೆಯ ದಿನದ ಹೊತ್ತಿಗೆ ವೈದ್ಯರು ಹೇಳಿದ ಜಂತುನಾಶಕ ಕೊಡಬೇಕು. ಬಿಳಿ ಭೇದಿಯಲ್ಲಿ ಕರು ಸಾಯುವುದು ರೋಗಾಣುವಿಗಿಂತ ಹೆಚ್ಚಾಗಿ ನೀರು ಮತ್ತು ಲವಣ ಕಳೆದುಕೊಂಡು. ಆದ್ದರಿಂದ ಹಾಲು ನಿಲ್ಲಿಸಿ ಉಪವಾಸ ಕೆಡವುವ ಬದಲು ಉಪ್ಪು-ಸಕ್ಕರೆ ನೀರನ್ನು ಹಲವು ಸಲ ಕುಡಿಸುತ್ತ ವೈದ್ಯರನ್ನು ಕಾಣಬೇಕು. ನಾಲ್ಕನೆಯ ತಿಂಗಳಿಗೆ ಕಾಲುಬಾಯಿ ರೋಗದ ಲಸಿಕೆ, ತಿಂಗಳ ಮೇಲೆ ಮರುಲಸಿಕೆ, ಆಮೇಲೆ ಆರು ತಿಂಗಳಿಗೊಮ್ಮೆ. ಹೆಣ್ಣುಗರುವಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಕಂದು ರೋಗದ ಲಸಿಕೆ ಒಂದೇ ಸಲ. ಈ ಎರಡು ರೋಗಗಳ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮ 2019ರ ಸೆಪ್ಟೆಂಬರಿನಲ್ಲಿ ಶುರುವಾದ ಮೇಲೆ ಇವು ಉಚಿತ. ಅದೇ 2019ರಲ್ಲಿ ಭಾರತದಲ್ಲಿ ಮೊದಲು ಕಾಣಿಸಿಕೊಂಡ ಚರ್ಮಗಂಟು ರೋಗಕ್ಕೂ ಲಸಿಕೆಯುಂಟು.

ಗಂಡುಗರುವಿನ ಪ್ರಶ್ನೆ: ಹೆಣ್ಣುಗರುವಾದರೆ ಈ ವಾದ ಸರಿ, ಉಳುಮೆಗೆ ಬೇಡವಾದ ಮಿಶ್ರತಳಿ ಗಂಡಿಗೆ 225 ಲೀಟರ್ ಹಾಲು ಏಕೆ ಎಂಬುದು ಎಲ್ಲಕ್ಕಿಂತ ಕಠಿಣವಾದ ಆಕ್ಷೇಪ. ಆಲಂಬಾಡಿ, ಕಾಂಗೇಯಂ ಹೋರಿಗರುಗಳಿಗೆ ಅಂದಿಯೂರಿನ ಆಡಿ ಮಾಸದ ಜಾತ್ರೆಯಂಥ ದನದ ಸಂತೆಗಳಲ್ಲಿ ಇಂದಿಗೂ ಬೇಡಿಕೆಯಿದೆ. ಜೆರ್ಸಿ ಹೋರಿಗೆ ಇಲ್ಲ. ಆರ್ಥಿಕವಾಗಿ ಈ ಆಕ್ಷೇಪವನ್ನು ಪೂರ್ತಿ ಅಲ್ಲಗಳೆಯಲಾಗದು. ಆದರೂ ಸೊರೆ ಬಿಡಲು ಕರು ಬೇಕಾದ ಹಸುವಿನಲ್ಲಿ ಗಂಡುಗರು ಬದುಕಿರುವುದೇ ಒಂದು ಸೂಲಿನ ಹಾಲಿಗೆ ಆಧಾರ. ಅದಕ್ಕೆ ಗಿಣ್ಣನ್ನು ಪೂರ್ತಿ ಕೊಟ್ಟು, ಬೇಗ ತಿಂಡಿ ಕಲಿಸಿ, ಎರಡನೆಯ ತಿಂಗಳಿನಿಂದ ಹಾಲು ತಗ್ಗಿಸಬಹುದು. ಹಸಿವಿನಿಂದ ಸಾಯಲು ಬಿಡುವುದು ಕಾನೂನಿಗೂ ನೀತಿಗೂ ಹೊರತು. ದೂರದ ಪರಿಹಾರ ಹೆಣ್ಣುಗರುವೇ ಹೆಚ್ಚು ಹುಟ್ಟುವಂತೆ ಲಿಂಗ ವಿಂಗಡಿಸಿದ ವೀರ್ಯದ ಬಳಕೆ. ಅದರಲ್ಲಿ ಹತ್ತಕ್ಕೆ ಒಂಬತ್ತು ಹೆಣ್ಣಾಗುವ ಸಂಭವವಿದೆ.

ನೆರವು: ಒಳ್ಳೆಯ ಪಾಲನೆ ಬಡವರಿಗೆ ದುಬಾರಿ ಎಂಬ ಮಾತನ್ನು ಈ ಸೀಮೆಯಲ್ಲಿ ಒಪ್ಪುವುದು ಕಷ್ಟ. ನಾಮಕ್ಕಲ್ಲಿನ ಪಶುವೈದ್ಯಕೀಯ ಕಾಲೇಜು 1985ರಿಂದ ಇದೆ. ತಮಿಳುನಾಡು ಪಶುವೈದ್ಯಕೀಯ ವಿಶ್ವವಿದ್ಯಾಲಯ 1989ರದು. ಸೇಲಂ ಜಿಲ್ಲೆಯ ತಲೈವಾಸಲ್‌ನಲ್ಲಿ 2021ರಲ್ಲಿ ಇನ್ನೊಂದು ದೊಡ್ಡ ಪಶುವಿಜ್ಞಾನ ಸಂಸ್ಥೆ ತೆರೆಯಿತು. 1962 ಸಂಖ್ಯೆಗೆ ಕರೆ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನ ಬರುವ ವ್ಯವಸ್ಥೆಯಿದೆ. ಕೆಚ್ಚಲು ಬಾವಿನ ಆರಂಭಕ್ಕೆ ಲೋಳೆಸರ 250 ಗ್ರಾಂ, ಅರಿಶಿನ 50 ಗ್ರಾಂ, ಸುಣ್ಣ 15 ಗ್ರಾಂ ಅರೆದು ದಿನಕ್ಕೆ ಹಲವು ಸಲ ಹಚ್ಚುವ ಲೇಪವನ್ನು ಅದೇ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಎನ್. ಪುಣ್ಯಮೂರ್ತಿ ಬಳಕೆಗೆ ತಂದರು, ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಪ್ರಚಾರ ಮಾಡಿತು. ಇಲ್ಲಿ ಹೇಳಿದ ಮುಖ್ಯ ಕೆಲಸಗಳಾದ ಬತ್ತಿಸುವುದು, ಹೊಕ್ಕುಳಿಗೆ ಅಯೋಡಿನ್, ಎರಡು ಗಂಟೆಯೊಳಗೆ ಗಿಣ್ಣು, ಒಣ ಹಾಸು, ಸರಿಯಾದ ಹೊತ್ತಿಗೆ ಲಸಿಕೆ ಇವಕ್ಕೆ ತಗಲುವ ಹಣ ಅತ್ಯಲ್ಪ. ಬೇಕಾದದ್ದು ಈಯುವ ರಾತ್ರಿ ಎಚ್ಚರವಿರುವ ಒಬ್ಬರು. ಹಸು ಕೊಳ್ಳುವಾಗ ದಿನಕ್ಕೆ ಎಷ್ಟು ಲೀಟರ್ ಎಂದು ಎಲ್ಲರೂ ಕೇಳುತ್ತಾರೆ. ಅದರ ಹಿಂದಿನ ಕರು ಬದುಕಿದೆಯೇ, ಹೇಗಿದೆ ಎಂದು ಕೇಳುವುದು ಅದಕ್ಕಿಂತ ಒಳ್ಳೆಯ ಪರೀಕ್ಷೆ. ಹಸುವಿನ ಗುಣವೂ ಸಾಕಿದ ಮನೆಯ ಗುಣವೂ ಆ ಉತ್ತರದಲ್ಲಿ ಒಟ್ಟಿಗೆ ತಿಳಿಯುತ್ತವೆ.